ತಿಂದು ಮುಗಿಸುವ ಸಿಂಗಾರ



ದತ್ತಿ ಉಪನ್ಯಾಸವೆಂದರೆ ವಚನ, ದಾಸರ ಪದ, ಗದುಗಿನ ಭಾರತ ಇಂಥವುಗಳ ಮೇಲೆ ಮಾತಾಡುವುದು ರೂಢಿ. ಹಬ್ಬಕ್ಕೆ ಮನೆಯಲ್ಲಿ ಕೈಯಾರೆ ಮಾಡುವ ಸಿಂಗಾರ ಮತ್ತು ತಿನಿಸಿನ ಬಗ್ಗೆ ಮಾತಾಡುತ್ತೇನೆ ಎಂದು ನಾನು ತಿಳಿಸಿದಾಗ ಸಂಘಟಕರು ಒಂದು ಗಳಿಗೆ ಸುಮ್ಮನಾದರು. ಆಮೇಲೆ ಅವರಲ್ಲೊಬ್ಬರು, "ಹಂಗಾದ್ರ ಹೆಣ್ಮಕ್ಕಳು ಭಾಳ ಬರ್ತಾರ ಬಿಡ್ರಿ ಟೀಚರ್" ಅಂದರು. ಬಂದಿದ್ದೀರಿ, ಸಂತೋಷ. ಆದರೆ ಇದು ಹೆಣ್ಣುಮಕ್ಕಳಿಗಷ್ಟೇ ಸೇರಿದ ವಿಷಯ ಎಂಬುದನ್ನು ನಾನು ಒಪ್ಪುವುದಿಲ್ಲ. ಗಂಡಸರು ದಯವಿಟ್ಟು ಎದ್ದು ಹೋಗಬೇಡಿ. ನಿಮಗೂ ಒಂದು ಮಾತಿದೆ.

ನಾನು ಹೇಳುವುದೆಲ್ಲ ರೋಣ, ನರಗುಂದ, ಗಜೇಂದ್ರಗಡ ಈ ಎರೆಸೀಮೆಯ ಮಾತು. ಇಡೀ ಕರ್ನಾಟಕದ ಹಬ್ಬಗಳ ಪಟ್ಟಿ ಓದುವ ಉದ್ದೇಶವಿಲ್ಲ. ಮೊದಲು ಮಣ್ಣು ಮತ್ತು ಸಗಣಿಯ ಸಿಂಗಾರ, ಆಮೇಲೆ ಪಂಚಮಿಯ ಉಂಡಿ, ಅದರ ನಂತರ ಸಕ್ಕರೆ, ಕೊನೆಗೆ ಬೇಕರಿಯ ಭಟ್ಟಿ. ಈ ಹಾದಿಯಲ್ಲಿ ಹೋಗೋಣ. ಸಕ್ಕರೆಯ ಹತ್ತಿರ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಅದು ನನ್ನ ದೌರ್ಬಲ್ಯ.

ಹೇಳಬೇಕಾದ ಮುಖ್ಯ ಮಾತನ್ನು ಈಗಲೇ ಹೇಳಿಬಿಡುತ್ತೇನೆ. ನಮ್ಮ ಭಾಗದ ಹಬ್ಬಗಳಲ್ಲಿ ಸಿಂಗಾರ ಬೇರೆ, ತಿನಿಸು ಬೇರೆ ಎಂದು ಗೆರೆ ಎಳೆಯುವುದು ಕಷ್ಟ. ಎರಡನ್ನೂ ಮಾಡುತ್ತಿದ್ದದ್ದು ಉಳಿಸಿಡಲಿಕ್ಕಲ್ಲ, ಮುಗಿಸಲಿಕ್ಕೆ. ಮಣ್ಣಿನದು ಹಳ್ಳದಲ್ಲಿ ಕರಗಬೇಕು, ಸಗಣಿಯದು ಒಲೆಗೋ ತಿಪ್ಪೆಗೋ ಹೋಗಬೇಕು, ಸಕ್ಕರೆಯದು ಮಕ್ಕಳ ಬಾಯಿಗೆ ಬೀಳಬೇಕು. ಮುಗಿದುಹೋಗುವುದರಿಂದ ಮುಂದಿನ ವರ್ಷ ಮತ್ತೆ ಮಾಡಬೇಕು. ಮತ್ತೆ ಮಾಡಬೇಕಾದ್ದರಿಂದ ಮನೆಯಲ್ಲಿ ಯಾರಿಗಾದರೂ ಕಲಿಸಲೇಬೇಕು. ಬಾಗಿಲಿಗೆ ಕಟ್ಟುವ ಪ್ಲಾಸ್ಟಿಕ್ ತೋರಣ ಐದು ವರ್ಷ ಬಾಳುತ್ತದೆ. ನನ್ನ ಪ್ರಕಾರ ಅದರ ದೊಡ್ಡ ದೋಷವೇ ಅದು.

ಈಗ ಮಣ್ಣಿಗೆ ಬರೋಣ.

ಬೆಣ್ಣೆಹಳ್ಳದ ಸೀಮೆಯವರಿಗೆ ಎರೆಮಣ್ಣಿನ ಗುಣ ವಿವರಿಸುವ ಧೈರ್ಯ ನನಗಿಲ್ಲ. ಮಳೆ ಬಿದ್ದರೆ ಕಾಲಿನ ಚಪ್ಪಲಿ ಕಿತ್ತುಕೊಳ್ಳುತ್ತದೆ, ಬಿಸಿಲು ಬಿದ್ದರೆ ಬಾಯಿ ಬಿಡುತ್ತದೆ. ಜ್ಯೇಷ್ಠದ ಅಮಾವಾಸ್ಯೆಗೆ, ಅಂದರೆ ಕಾರಹುಣ್ಣಿಮೆಯಾದ ಹದಿನೈದು ದಿನಕ್ಕೆ, ಇದೇ ಮಣ್ಣಿನಿಂದ ಎತ್ತು ಮಾಡುತ್ತೇವೆ. ಹುಣ್ಣಿಮೆಗೆ ಜೀವಂತ ಎತ್ತಿನ ಕೊಂಬಿಗೆ ಬಣ್ಣ ಹಚ್ಚಿ ಕರಿ ಹರಿದಿರುತ್ತೇವೆ, ಅಮಾವಾಸ್ಯೆಗೆ ಮಣ್ಣಿನ ಜೋಡಿಯನ್ನು ಜಗುಲಿಯ ಮೇಲೆ ಕೂರಿಸುತ್ತೇವೆ. ಎತ್ತಿನ ಮುಂದೆ ಅದೇ ಮಣ್ಣಿನ ಗ್ವಾದಲಿ, ಗ್ವಾದಲಿಯಲ್ಲಿ ನಾಲ್ಕು ಕಾಳು. ಮರುದಿನ ಮಕ್ಕಳು ಕುಂಟೆತ್ತು ಹಿಡಿದು ಹಾಡುತ್ತ ಮನೆಮನೆಗೆ ಹೋಗಿ ಜೋಳ ಕೇಳುತ್ತಾರೆ. ಬರೀ ಎರೆಮಣ್ಣಿನ ಎತ್ತು ಒಣಗುವಾಗ ಸೀಳುತ್ತದೆ. ಅದಕ್ಕೆ ನಮ್ಮ ಮನೆಯಲ್ಲಿ ಆಯಿ ಮಣ್ಣು ಕಲಸುವಾಗ ಒಂದು ಹಿಡಿ ಅರಳೆಯನ್ನು ಎಳೆಎಳೆ ಬಿಡಿಸಿ ಹಾಕುತ್ತಿದ್ದಳು, ಎತ್ತನ್ನು ನೆರಳಿನಲ್ಲೇ ಒಣಗಿಸುತ್ತಿದ್ದಳು. ಹತ್ತಿ ಬೆಳೆಯುವ ಊರಿನಲ್ಲಿ ಮಾತ್ರ ಹೊಳೆಯುವ ಉಪಾಯ ಅದು.

ಆಷಾಢ ಬಂತೆಂದರೆ ಮಂಗಳವಾರಗಳಿಗೆ ಗುಳ್ಳವ್ವ. ಇವಳು ಹೆಣ್ಣುಮಕ್ಕಳ ಪಾಲಿನ ದೇವಿ. ಹಸಿಮಣ್ಣಿನ ಗುಳ್ಳವ್ವನಿಗೆ ಜೋಳದ ಕಾಳು ಒತ್ತಿದರೆ ಸರ, ಕುಸುಬೆ ಒತ್ತಿದರೆ ಮುತ್ತು, ಗುಲಗಂಜಿ ಒತ್ತಿದರೆ ಹವಳ. ಬಂಗಾರದಂಗಡಿಯ ಎಲ್ಲ ಒಡವೆಗಳೂ ಅಡುಗೆಮನೆಯ ಡಬ್ಬಿಯಲ್ಲೇ ಸಿಗುತ್ತಿದ್ದವು. ಸಂಜೆ ಬುತ್ತಿ ಕಟ್ಟಿಕೊಂಡು ಹಳ್ಳದ ಕಡೆಗೋ ಹೊಲದ ಕಡೆಗೋ ಹೋಗಿ, ಹಾಡಿ, ಉಂಡು, ಗುಳ್ಳವ್ವನನ್ನು ಬಿಟ್ಟು ಬರುವುದು. ಮಳೆ ಚೆನ್ನಾಗಿ ಆದ ವರ್ಷ ಅವಳ ಮೈಮೇಲಿನ ಜೋಳ ಅಲ್ಲೇ ಮೊಳಕೆ ಒಡೆಯುತ್ತಿತ್ತು. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ.

ದೀಪಾವಳಿಯ ಪಾಂಡವರ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಇಲ್ಲಿರುವ ಎಲ್ಲರೂ ಅದನ್ನು ಮಾಡಿದವರೇ. ಪಾಡ್ಯದ ನಸುಕಿನಲ್ಲಿ ಸಗಣಿಯ ಪಾಂಡವರು, ಅವರ ನಡುವೆ ಹಟ್ಟೆವ್ವ. ತಲೆಗೆ ಉತ್ತರಾಣಿ ಕಡ್ಡಿ, ಚೆಂಡುಹೂವು, ಹೊನ್ನಂಬರಿ. ಹೊಸ್ತಿಲ ಎರಡೂ ಬದಿಗೆ, ಒಲೆಯ ಹತ್ತಿರ, ದನದ ಕೊಟ್ಟಿಗೆಯಲ್ಲಿ ಅವರನ್ನು ಕೂರಿಸುವುದು. ನಮ್ಮಲ್ಲಿ ಸಂಜೆ ಅವರನ್ನು ಎತ್ತಿ ಮಾಳಿಗೆಯ ಕುಂಬಿಯ ಮೇಲೆ ಸಾಲಾಗಿ ಇಡುತ್ತಿದ್ದೆವು. ಒಣಗಿ ಕುಳ್ಳಾದ ಧರ್ಮರಾಯ ಮಾಗಿಯ ಚಳಿಯಲ್ಲಿ ನೀರು ಕಾಯಿಸಲು ಒಲೆಗೆ ಹೋಗುತ್ತಿದ್ದ. ಯಾರಿಗೂ ಅದು ಅಪಚಾರ ಎನ್ನಿಸಿರಲಿಲ್ಲ. ಈಗ ಮನೆಯಲ್ಲಿ ಎಮ್ಮೆ ಆಕಳು ಇಲ್ಲದವರು ನೆರೆಮನೆಗೆ ಹೋಗಿ ಸಗಣಿ ಬೇಡಿ ತರುತ್ತಾರೆ. ಹಬ್ಬ ಉಳಿಸಲು ಕೈ ಒಡ್ಡುವುದರಲ್ಲಿ ನಾಚಿಕೆಯಿಲ್ಲ.

ಎರಡನೆಯ ವಿಷಯ, ಉಂಡಿ.

ಬೇರೆ ಸೀಮೆಯವರಿಗೆ ದೀಪಾವಳಿ ದೊಡ್ಡ ಹಬ್ಬವಾದರೆ ನಮ್ಮ ಹೆಣ್ಣುಮಕ್ಕಳಿಗೆ ಪಂಚಮಿಯೇ ದೊಡ್ಡದು. ಅಣ್ಣ ಬಂದು ಕರೆದೊಯ್ಯಬೇಕು, ಜೋಕಾಲಿ ಜೀಕಬೇಕು, ಉಂಡಿ ತಿನ್ನಬೇಕು. ಹಿಂದಿನ ದಿನ ರೊಟ್ಟಿ ಹಬ್ಬ. ಕಟಕಟ ಎನ್ನುವ ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಜೋಳದ ರೊಟ್ಟಿ, ನಾಲ್ಕಾರು ಬಗೆಯ ಪಲ್ಯ, ಚಟ್ನಿ ಇವನ್ನು ತಾಟಿನಲ್ಲಿಟ್ಟು ಓಣಿಯ ಮನೆಮನೆಗೆ ಬೀರುತ್ತಿದ್ದೆವು. ಎಲ್ಲರ ಮನೆಯ ರೊಟ್ಟಿ ಎಲ್ಲರ ಮನೆಗೆ ಹೋಗಿ ಕೊನೆಗೆ ಯಾರ ಬುಟ್ಟಿಯಲ್ಲಿ ಯಾರ ರೊಟ್ಟಿ ಇದೆ ಎಂದು ತಿಳಿಯುತ್ತಿರಲಿಲ್ಲ.

ಉಂಡಿಯ ಹೆಸರುಗಳನ್ನೇ ಕೇಳಿ: ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ, ಬೇಸನ್ ಉಂಡಿ, ಡಾಣಿ ಉಂಡಿ, ಗುಳ್ಳಡಕಿ ಉಂಡಿ, ಪುಠಾಣಿ ಉಂಡಿ, ಚುರುಮುರಿ ಉಂಡಿ, ಅಂಟಿನ ಉಂಡಿ, ಜತೆಗೆ ತಂಬಿಟ್ಟು, ಜೋಳದ ಅಳ್ಳು. ಇಷ್ಟೊಂದು ಬಗೆ ಏಕೆ ಎಂದು ನಾನು ತುಂಬ ದಿನ ಯೋಚಿಸಿದ್ದೇನೆ. ಎರೆ ಭೂಮಿಗೆ ಹಿಂಗಾರಿಯೇ ಮುಖ್ಯ. ಬಿಳಿಜೋಳ, ಕಡಲೆ, ಕುಸುಬೆ, ಗೋಧಿ ಎಲ್ಲ ಬರುವುದು ಮಾಗಿ ಕಳೆದ ಮೇಲೆ. ಶ್ರಾವಣದ ಹೊತ್ತಿಗೆ ಮನೆಯಲ್ಲಿ ಇರುವುದು ಹಳೆಯ ಕಾಳು. ಹೊಲದಲ್ಲಿ ಹೆಸರು ಇನ್ನೂ ಒಕ್ಕಲಿಗೆ ಬಂದಿರುವುದಿಲ್ಲ. ಹಗೇವಿನಲ್ಲಿ, ಗಡಿಗೆಯಲ್ಲಿ ಏನೇನು ಉಳಿದಿದೆಯೋ ಅದನ್ನೆಲ್ಲ ಹೊರತೆಗೆದು, ಹುರಿದು, ಬೆಲ್ಲದ ಪಾಕಕ್ಕೆ ಹಾಕಿ ಕಟ್ಟಿದರೆ ಹಬ್ಬ. ಹುರಿದದ್ದು ಕೆಡುವುದಿಲ್ಲ, ಬೆಲ್ಲ ಅದನ್ನು ಹಿಡಿದಿಡುತ್ತದೆ, ಜಿಟಿಜಿಟಿ ಮಳೆಯಲ್ಲಿ ಹದಿನೈದು ದಿನ ಮಕ್ಕಳ ಕೈಗೆ ಕೊಡಬಹುದು. ಇದು ನನ್ನ ಊಹೆ, ಆದರೆ ನನಗೆ ಸರಿಯೆನಿಸಿದ ಊಹೆ.

ಪಾಕದ ಒಂದು ಮಾತು. ಉಂಡಿಯ ಪಾಕ ಎಳೆಯಾದರೆ ಉಂಡಿ ಕುಸಿಯುತ್ತದೆ, ಗಟ್ಟಿಯಾದರೆ ಹಲ್ಲು ಮುರಿಯುತ್ತದೆ. ಒಂದು ಬಟ್ಟಲು ನೀರಿಗೆ ಒಂದು ಹನಿ ಪಾಕ ಬಿಟ್ಟು, ಅದು ಕರಗದೆ ಬೆರಳಿಗೆ ಮೆತ್ತಗೆ ಉಂಡೆಯಾಗಿ ಸಿಕ್ಕರೆ ಇಳಿಸಬೇಕು. ಅಲ್ಲಿಂದ ಮುಂದೆ ಕೈಗೆ ಬಿಡುವಿಲ್ಲ. ಆರಿದರೆ ಕಟ್ಟಲು ಬಾರದು, ಹೀಗಾಗಿ ಕುದಿಯುವಂಥ ಹುರಣಕ್ಕೇ ಕೈ ಹಾಕಬೇಕು. ಅಂಗೈಗೆ ತುಪ್ಪ ಸವರಿಕೊಂಡರೂ ಸುಡುವುದು ತಪ್ಪದು. ಹಬ್ಬದ ಸೊಗಸನ್ನು ಹೊಗಳುವವರು ಪಂಚಮಿಯ ಮರುದಿನ ನನ್ನ ಅವ್ವನ ಅಂಗೈ ನೋಡಬೇಕಿತ್ತು. ಗಂಡಸರಿಗೆ ಹೇಳಬೇಕೆಂದಿದ್ದ ಮಾತು ಇದೇ: ಉಂಡಿ ಕಟ್ಟಲು ಬಲವಾದ, ದಪ್ಪ ಚರ್ಮದ ಕೈ ಬೇಕು. ಕುಂಟೆ ಹಿಡಿದ ಕೈಗಿಂತ ಅದಕ್ಕೆ ಲಾಯಕ್ಕಾದ ಕೈ ಯಾವುದಿದೆ?

ಇಲ್ಲಿಗೆ ಉಂಡಿಯನ್ನು ಬಿಟ್ಟು ಸಕ್ಕರೆಗೆ ಹೋಗುತ್ತೇನೆ.

ಸಂಕ್ರಾಂತಿಗೆ ಎಳ್ಳು ಬೀರುವುದು ನಾಡೆಲ್ಲ ಇದೆ. ಹಳೆ ಮೈಸೂರಿನವರು ಎಳ್ಳು ಬೆಲ್ಲ ಬೀರುತ್ತಾರೆ, ನಾವು ಕುಸುರೆಳ್ಳು ಬೀರುತ್ತೇವೆ. ಎಳ್ಳಿನ ಕಾಳಿನ ಸುತ್ತ ಸಕ್ಕರೆ ಮುಳ್ಳುಮುಳ್ಳಾಗಿ ಹೆಪ್ಪುಗಟ್ಟಿದ್ದೇ ಕುಸುರೆಳ್ಳು. ಈಗ ಗದಗಿನ ಪೇಟೆಯಲ್ಲಿ ಕಿಲೋ ಲೆಕ್ಕದಲ್ಲಿ ಸಿಗುತ್ತದೆ. ಮನೆಯಲ್ಲಿ ಮಾಡುವುದನ್ನು ನೋಡಿದವರು ಈ ಸಭೆಯಲ್ಲಿ ಎಷ್ಟು ಜನ ಇದ್ದೀರಿ? ಕೈ ಎತ್ತಿ. ಏಳೆಂಟು ಕೈ ಕಾಣುತ್ತಿವೆ, ಎಲ್ಲವೂ ಅರವತ್ತು ದಾಟಿದ ಕೈಗಳು.

ಉಳಿದವರಿಗಾಗಿ ಹೇಳುತ್ತೇನೆ. ಪುಷ್ಯ ಮಾಸದ ನಸುಕು, ಚಳಿ ಕಟಕಟಿಸುತ್ತಿರುತ್ತದೆ. ಶಿಗಡಿಯಲ್ಲಿ ಬೂದಿ ಮುಚ್ಚಿದ ಕೆಂಡ. ಅದರ ಮೇಲೆ ಅಗಲವಾದ ಹಿತ್ತಾಳೆ ತಾಟು, ತಾಟಿನಲ್ಲಿ ಒಂದೇ ಹಿಡಿ ಎಳ್ಳು. ಪಕ್ಕದಲ್ಲಿ ತೆಳುವಾದ ಸಕ್ಕರೆ ಪಾಕ. ಪಾಕ ಕುದಿಯುವಾಗ ಒಂದು ಚಮಚ ಹಾಲು ಹಾಕಿದರೆ ಹೊಲಸೆಲ್ಲ ಮೇಲೆ ಬರುತ್ತದೆ, ಅದನ್ನು ತೆಗೆದು ಬಟ್ಟೆಯಲ್ಲಿ ಸೋಸಿಟ್ಟಿರಬೇಕು. ಇನ್ನು ಕೆಲಸ ಶುರು. ಒಂದು ಚಮಚ ಪಾಕವನ್ನು ಎಳ್ಳಿನ ಮೇಲೆ ಚಿಮುಕಿಸಿ ಬೆರಳ ತುದಿಯಿಂದ ಆಡಿಸುವುದು. ಒದ್ದೆ ಆರಿದ ಮೇಲೆ ಇನ್ನೊಂದು ಚಮಚ. ಹೀಗೆ ಬಿಸಿಲೇರುವವರೆಗೆ. ಮರುದಿನ ನಸುಕಿನಲ್ಲಿ ಮತ್ತೆ. ಮೂರನೆಯ ದಿನ ಎಳ್ಳು ಬೆಳ್ಳಗಾಗಿ ಜೋಳದ ಕಾಳಿನಷ್ಟಾಗುತ್ತದೆ, ಮೈಮೇಲೆ ಸಣ್ಣ ಮೊಗ್ಗಿನಂತೆ ಮುಳ್ಳು ಏಳುತ್ತವೆ. ಮುಳ್ಳು ಎದ್ದ ಮೇಲೆ ಜೀವ ಕೈಯಲ್ಲಿ ಹಿಡಿದಂತೆ ಕೂರಬೇಕು. ಕೆಂಡ ಹೆಚ್ಚಾದರೆ ಮುಳ್ಳು ಕರಗಿ ಕಾಳು ಬೋಳಾಗುತ್ತದೆ. ಪಾಕ ಹೆಚ್ಚಾದರೆ ಎಲ್ಲ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತದೆ.

ನನಗೆ ಹತ್ತು ವರ್ಷವಿದ್ದಾಗ ಅವ್ವ ಕಟ್ಟಿಗೆ ತರಲು ಎದ್ದಳು, ತಾಟು ನನ್ನ ಕೈಗೆ ಬಂತು. ಉತ್ಸಾಹದಲ್ಲಿ ನಾನು ಎರಡು ಚಮಚ ಪಾಕ ಸುರಿದು ಗರಗರ ತಿರುಗಿಸಿದೆ. ಅವ್ವ ಬಂದು ನೋಡಿದಳು. ಬೈಯಲಿಲ್ಲ. "ಕೈ ಬಿರುಸ ಆಡಸಬ್ಯಾಡ ತಂಗಿ, ಮುಳ್ಳ ಮುರಿತಾವ. ಕೂಸಿನ ತಲಿ ಸವರಿದಂಗ ಸವರ" ಅಂದಳು. ಮೂರು ದಿನದ ಕೆಲಸದ ಕಾಲು ಭಾಗ ಹಾಳಾಗಿತ್ತು. ಆ ಬೋಳು ಕಾಳುಗಳನ್ನು ಅವಳು ಬೇರೆ ಡಬ್ಬಿಯಲ್ಲಿಟ್ಟು ನನಗೇ ತಿನ್ನಲು ಕೊಟ್ಟಳು. ಸಕ್ಕರೆ ತಿಂದು ಅಳು ಬಂದದ್ದು ಅದೊಂದೇ ಸಲ.

ಬೆರಳ ತುದಿಯಲ್ಲಿ ಅವ್ವ ಮಾಡುತ್ತಿದ್ದದ್ದು ಹರಳು ಬೆಳೆಸುವ ಕೆಲಸ ಎಂದು ನನಗೆ ತಿಳಿದದ್ದು ಮುಂದೆ ವಿಜ್ಞಾನದ ಪುಸ್ತಕ ಓದಿದಾಗ. ಪಾಕದ ತೆಳುಪದರ ನಿಧಾನವಾಗಿ ಒಣಗಿದರೆ ಹರಳು ಇದ್ದ ಹರಳಿನ ಮೇಲೆಯೇ ಕೂತು ಚೂಪಾಗುತ್ತ ಹೋಗುತ್ತದೆ. ನಸುಕಿನ ಚಳಿ ಬೇಕು ಎಂದು ಹಟ ಹಿಡಿಯುತ್ತಿದ್ದುದರ ಗುಟ್ಟು ಅದು. ಗಡಿಯಾಚೆ ಮಹಾರಾಷ್ಟ್ರದಲ್ಲೂ ಇದೇ ಕೆಲಸವಿದೆ, ಅಲ್ಲಿ ಇದಕ್ಕೆ ಹಲ್ವಾ ಎನ್ನುತ್ತಾರೆ. ಮದುವೆಯಾದ ಮೊದಲ ಸಂಕ್ರಾಂತಿಗೆ ಸೊಸೆಗೆ, ಮನೆಯ ಪುಟ್ಟ ಕೂಸಿಗೆ ಈ ಕಾಳುಗಳನ್ನು ದಾರಕ್ಕೆ ಪೋಣಿಸಿ ಸರ, ಬಳೆ, ಕಿರೀಟ ಮಾಡಿ ತೊಡಿಸುವ ಪದ್ಧತಿ ಎರಡೂ ಕಡೆ ಉಂಟು. ಆರತಿ ಮುಗಿದೊಡನೆ ಓಣಿಯ ಮಕ್ಕಳು ಒಡವೆಗೆ ಮುಗಿಬೀಳುತ್ತಾರೆ. ಒಡವೆಯನ್ನು ತಿಂದುಬಿಡುವ ಹಬ್ಬ! ನಾನು ಮೊದಲು ಹೇಳಿದ ಮಾತಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನ್ನಲ್ಲಿಲ್ಲ.

ಸಕ್ಕರೆಯ ಇನ್ನೊಂದು ರೂಪ ಗೌರಿ ಹುಣ್ಣಿಮೆಯದು. ಬೆಂಗಳೂರಿನ ಕಡೆಯವರಿಗೆ ಗೌರಿ ಎಂದರೆ ಭಾದ್ರಪದದವಳು, ಗಣಪತಿಯ ಹಿಂದಿನ ದಿನ ಬರುವವಳು. ನಮ್ಮ ಹೆಣ್ಣುಮಕ್ಕಳ ಗೌರಿ ಕಾರ್ತಿಕದ ಹುಣ್ಣಿಮೆಗೆ ಬರುತ್ತಾಳೆ, ಅವಳಿಗೆ ಸಕ್ಕರೆ ಆರತಿ. ಎರಡು ಹೋಳಿನ ಮರದ ಅಚ್ಚು, ಅದಕ್ಕೆ ಬಿಗಿಯಾಗಿ ಹಗ್ಗ. ಪಾಕವನ್ನು ಕದಡಿ ಕದಡಿ ಅದು ಹಾಲಿನಂತೆ ಬೆಳ್ಳಗಾಗುವ ಹೊತ್ತಿಗೆ ಅಚ್ಚಿಗೆ ಸುರಿದು, ಆರಿದ ಮೇಲೆ ಬಿಚ್ಚಿದರೆ ಆನೆ, ಒಂಟೆ, ನವಿಲು, ಬಸವಣ್ಣ, ತೇರು. ಬಿಳಿಯದು, ಗುಲಾಬಿಯದು, ಹಳದಿಯದು. ಮದುವೆ ಗೊತ್ತಾದ ಹುಡುಗಿಗೆ ಗಂಡಿನ ಮನೆಯವರು ಸೀರೆಯ ಜತೆ ಸಕ್ಕರೆ ಆರತಿ ತರುತ್ತಾರೆ. ಸಂಜೆ ಹುಡುಗಿಯರು ತಾಟಿನಲ್ಲಿ ಗೊಂಬೆ ಜೋಡಿಸಿ, ದೀಪ ಹಚ್ಚಿ, ಗೌರಿಗೆ ಬೆಳಗಿ, ಬಂದು ಮುರಿದು ಹಂಚಿ ತಿನ್ನುತ್ತಾರೆ. ತೇರಿನ ಕಳಸ ಯಾರಿಗೆ ಎಂಬ ಜಗಳ ನಮ್ಮ ಮನೆಯಲ್ಲಿ ಪ್ರತಿ ವರ್ಷ ನಡೆಯುತ್ತಿತ್ತು. ದೂರದ ಮೆಕ್ಸಿಕೋ ದೇಶದವರು ಸತ್ತ ಹಿರಿಯರ ಹಬ್ಬಕ್ಕೆ ಹೀಗೆಯೇ ಅಚ್ಚಿನಲ್ಲಿ ಸಕ್ಕರೆಯ ತಲೆಬುರುಡೆ ಮಾಡಿ ಬಣ್ಣ ಬರೆಯುತ್ತಾರೆ. ಅವರ ಹಬ್ಬ ಬೀಳುವುದು ನವೆಂಬರ್ ಮೊದಲ ವಾರದಲ್ಲಿ, ಬಹುಮಟ್ಟಿಗೆ ನಮ್ಮ ಗೌರಿಯ ಆಸುಪಾಸಿನಲ್ಲೇ.

ಕೊನೆಯ ವಿಷಯ, ಭಟ್ಟಿ.

ಬೇಕಿಂಗ್ ಎಂಬುದು ಪರದೇಶದ ವಿದ್ಯೆ, ನಮ್ಮದು ಒಲೆ ಮತ್ತು ಹಂಚು ಮಾತ್ರ ಎಂದು ಹಲವರ ನಂಬಿಕೆ. ಪೂರ್ತಿ ನಿಜವಲ್ಲ. ನಮ್ಮ ನೆಲವನ್ನಾಳಿದ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಗೋಧಿಹಿಟ್ಟಿನ ಮಂಡಕವನ್ನು ಬೇಯಿಸುವ ವಿವರವಿದೆ. ಬೆಳಗಾವಿಯ ಮಂಡಿಗೆ ಇವತ್ತಿಗೂ ಬೋರಲು ಹಾಕಿದ ಪಾತ್ರೆಯ ಬೆನ್ನಿನ ಮೇಲೆ ಬೇಯುತ್ತದೆ. 16ನೇ ಶತಮಾನದ ಆರಂಭದ ಮಂಗರಸನ ಸೂಪಶಾಸ್ತ್ರದಲ್ಲಿ ಮುಚ್ಚಳರೊಟ್ಟಿ ಬರುತ್ತದೆ. ಕಾವಲಿಗೆ ಮುಚ್ಚಳ ಹಾಕಿ ಮೇಲೊಂದಿಷ್ಟು, ಕೆಳಗೊಂದಿಷ್ಟು ಕೆಂಡ ಇಟ್ಟು ಬೇಯಿಸುವುದು. ಓವನ್ ಮಾಡುವುದೂ ಇದನ್ನೇ ಅಲ್ಲವೆ? ಮೊಹರಮ್ಮಿಗೆ ನಮ್ಮ ಊರುಗಳಲ್ಲಿ ಜಾತಿ ಕೇಳದೆ ಎಲ್ಲರ ಮನೆಗೂ ಬರುವ ಚೋಂಗೆಯನ್ನು ನೆನೆಯಿರಿ. ಬೆಲ್ಲ ಗೋಧಿಯ ಹಿಟ್ಟನ್ನು ಗೆರೆ ಕೆತ್ತಿದ ಮಣೆಯ ಮೇಲೆ ಒತ್ತಿ, ಮೈತುಂಬ ಚಿತ್ತಾರ ಮೂಡಿಸಿ ಬೇಯಿಸಿದ ತಿನಿಸು ಅದು. ಅಲ್ಲಿಯೂ ಸಿಂಗಾರ ಹೊಟ್ಟೆಗೇ ಹೋಗುತ್ತದೆ.

ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡಕ್ಕೆ, 1841ರಲ್ಲಿ ಬೆಟಗೇರಿಗೆ ಬಂದರು. ಅವರ ಜತೆ ಕ್ರಿಸ್‌ಮಸ್ ಬಂತು. ಆದರೆ ಬೆಟಗೇರಿಯಲ್ಲಿ ನಾನು ಕೆಲಸ ಮಾಡುತ್ತಿದ್ದಾಗ ಜತೆಯ ಕ್ರೈಸ್ತ ಶಿಕ್ಷಕಿಯರ ಮನೆಯಿಂದ ಡಿಸೆಂಬರಿನಲ್ಲಿ ನನಗೆ ಬರುತ್ತಿದ್ದ ಡಬ್ಬಿಯಲ್ಲಿ ಕೇಕಿನ ತುಂಡು ಒಂದಿದ್ದರೆ ಕರಚಿಕಾಯಿ, ಚಕ್ಕುಲಿ, ಶಂಕರಪೋಳಿ ಹತ್ತಿರುತ್ತಿದ್ದವು. ಹಬ್ಬ ಯಾರದೇ ಆಗಲಿ, ಬಾಣಲೆ ಊರಿನದೇ.

ಇನ್ನು ನಾನ್‌ಕಟಾಯಿ. ಸೂರತ್ತಿನಲ್ಲಿ ಡಚ್ಚರು ಬಿಟ್ಟುಹೋದ ಬೇಕರಿಯೊಂದರಲ್ಲಿ ಇದು ಹುಟ್ಟಿತು ಎಂದು ಕತೆ ಹೇಳುತ್ತಾರೆ. ನಮ್ಮ ಮನೆಗೆ ಅದು ಬಂದದ್ದು ದೀಪಾವಳಿಯ ಮುಂಚೆ, ತಗಡಿನ ಡಬ್ಬಿಯಲ್ಲಿ. ಆಗ ಪೇಟೆಯ ಬೇಕರಿಗೆ ಮೈದಾ, ಸಕ್ಕರೆ, ತುಪ್ಪ ನಾವೇ ಒಯ್ದು ಕೊಟ್ಟರೆ ಕೂಲಿ ತೆಗೆದುಕೊಂಡು ಭಟ್ಟಿಯಲ್ಲಿ ಬೇಯಿಸಿ ಕೊಡುತ್ತಿದ್ದರು. ಹಬ್ಬದ ಗದ್ದಲದಲ್ಲಿ ಹತ್ತು ಮನೆಯ ತಾಟು ಒಂದೇ ಭಟ್ಟಿಗೆ ಹೋಗುತ್ತಿದ್ದವು. ಒಂದು ವರ್ಷ ನಮ್ಮ ಡಬ್ಬಿ ಬಿಚ್ಚಿ ಬಾಯಿಗಿಟ್ಟರೆ ಡಾಲ್ಡಾ ವಾಸನೆ. ನಮ್ಮ ಮನೆಯ ಎಮ್ಮೆ ತುಪ್ಪ ಯಾರದೋ ಹೊಟ್ಟೆ ಸೇರಿತ್ತು. ಮುಂದಿನ ವರ್ಷದಿಂದ ಅವ್ವ ತಾನೇ ಬೇಕರಿಗೆ ಹೋಗಿ ಪ್ರತಿ ಉಂಡೆಯ ನೆತ್ತಿಗೆ ಒಂದು ಲವಂಗ ಒತ್ತಿ ಬರತೊಡಗಿದಳು. ನೋಡಿದವರೆಲ್ಲ ಎಷ್ಟು ಚಂದ ಅಲಂಕಾರ ಎಂದರು. ಅದು ಅಲಂಕಾರವಲ್ಲ, ಕಳ್ಳತನಕ್ಕೆ ಹಾಕಿದ ಬೀಗ.

ಈಗಿನ ಮಕ್ಕಳು ಮನೆಯಲ್ಲೇ ಪುಟ್ಟ ಓವನ್ ಇಟ್ಟುಕೊಂಡು ಕೇಕು, ಬಿಸ್ಕಿಟ್ಟು ಮಾಡುತ್ತಾರೆ. ನನಗೆ ಅದು ಇಷ್ಟ. ಮಣ್ಣಿನ ಎತ್ತು ಮಾಡದ ಕೈ ಹಿಟ್ಟಾದರೂ ನಾದುತ್ತಿದೆಯಲ್ಲ! ಅಂಗಡಿಯಿಂದ ತಂದರೆ ಹಬ್ಬ ಕೆಟ್ಟಿತು ಎನ್ನುವವಳೂ ನಾನಲ್ಲ. ಶೇಂಗಾ ಹೋಳಿಗೆ, ಕಟಕರೊಟ್ಟಿ ಮಾರಿ ಸಂಸಾರ ನಡೆಸುವ ನಮ್ಮ ಹೆಣ್ಣುಮಕ್ಕಳ ಕೈತುತ್ತಿಗೆ ಅಡ್ಡ ಬರುವ ಮಾತು ನನ್ನ ಬಾಯಲ್ಲಿ ಬರಬಾರದು. ತೊಂದರೆ ಇರುವುದು ಬೇರೆ ಕಡೆ. ಬೆಂಗಳೂರಿನಲ್ಲಿರುವ ನನ್ನ ತಮ್ಮನ ಮಗಳು ಹೋದ ಪಂಚಮಿಗೆ ಫೋನು ಮಾಡಿ, "ಅತ್ತಿ, ಗುಳ್ಳಡಕಿ ಉಂಡಿಗೆ ಬೆಲ್ಲ ಎಷ್ಟು ಗ್ರಾಂ?" ಎಂದು ಕೇಳಿದಳು. ನನ್ನ ಹತ್ತಿರ ಉತ್ತರವಿರಲಿಲ್ಲ. ಅವ್ವನ ಅಳತೆ ಕಣ್ಣಳತೆ, ನನ್ನದು ಅವಳ ಕಣ್ಣು ನೋಡಿ ಕಲಿತದ್ದು. ಕೇಕಿನ ಅಳತೆ ಅಂಗೈಯಗಲದ ಫೋನಿನಲ್ಲಿ ಗ್ರಾಂ ಸಮೇತ ಇದೆ, ನಮ್ಮ ಉಂಡಿಯ ಅಳತೆ ಇಲ್ಲ. ಹುಡುಗಿ ಕೇಕು ಮಾಡಿದಳು. ತಪ್ಪು ಅವಳದಲ್ಲ.

ಹೀಗಾಗಿ ಎರಡು ಬೇಡಿಕೆ ಇಟ್ಟು ಕೂರುತ್ತೇನೆ. ಬರುವ ಶ್ರಾವಣದಲ್ಲಿ ನಿಮ್ಮ ಮನೆಯ ಹಿರಿಯಳು ಪಾಕಕ್ಕೆ ಬೆಲ್ಲ ಹಾಕುವ ಮುಂಚೆ ಆ ಬೆಲ್ಲವನ್ನು ಒಮ್ಮೆ ತಕ್ಕಡಿಗೆ ಹಾಕಿ ತೂಕ ಬರೆದಿಡಿ. ಬರೆಯುವ ಕೆಲಸ ಮಕ್ಕಳದು, ಶಾಲೆಯ ಗುರುಗಳು ಅದನ್ನೇ ಮನೆಪಾಠವಾಗಿ ಕೊಡಬಹುದು. ಎರಡನೆಯದು, ಅಟ್ಟದ ಮೇಲೆ ಎಲ್ಲೋ ಬಿದ್ದಿರುವ ಸಕ್ಕರೆ ಅಚ್ಚುಗಳನ್ನು ಹುಡುಕಿ ಕೆಳಗಿಳಿಸಿ. ಹುಳ ತಿನ್ನದ ಒಂದು ಜೋಡಿ ಸಿಕ್ಕರೂ ಸಾಕು, ಕಾರ್ತಿಕದ ಹುಣ್ಣಿಮೆಗೆ ಈ ಶಾಲೆಯ ಪಡಸಾಲೆಯಲ್ಲೇ ಆರತಿ ಎರೆಯೋಣ. ಸಕ್ಕರೆ ನಾನು ತರುತ್ತೇನೆ. ಅಚ್ಚು ತರುವವರು ಮರೆಯದೆ ಹಿಂದಿನ ರಾತ್ರಿಯೇ ಅದನ್ನು ನೀರಿನಲ್ಲಿ ನೆನೆಹಾಕಿರಿ. ಒಣ ಅಚ್ಚು ಸಕ್ಕರೆಯನ್ನು ಬಿಡುವುದಿಲ್ಲ, ಆನೆಯ ಸೊಂಡಿಲು ಒಳಗೇ ಉಳಿಯುತ್ತದೆ.